ಯಾಕಂತೆ?

ಯಾರ ಮನೆಯಲ್ಲಾದರೂ ಮಗುವಾಯಿತು ಎಂಬ ಸುದ್ದಿ ಬಂದರೆ ನಮ್ಮ ಕಡೆ ಮೂರು ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಗಂಡೋ ಹೆಣ್ಣೋ, ತೂಕ ಎಷ್ಟು, ನಾರ್ಮಲ್ಲೋ ಸಿಸೇರಿಯನ್ನೋ. ಮೂರನೆಯದಕ್ಕೆ ‘ಸಿಸೇರಿಯನ್’ ಎಂದರೆ ನಾಲ್ಕನೆಯದು ತಾನಾಗಿಯೇ ಹೊರಡುತ್ತದೆ: ‘ಯಾಕಂತೆ?’ ಕೇಳುವವರಿಗೂ ಹೇಳುವವರಿಗೂ ಉತ್ತರಗಳು ಹೆಚ್ಚುಕಡಿಮೆ ಬಾಯಿಪಾಠವಾಗಿವೆ. ನೀರು ಕಮ್ಮಿಯಾಗಿತ್ತಂತೆ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ. ಮಗು ದಪ್ಪ ಇತ್ತಂತೆ. ಡೇಟ್ ಮೀರಿತ್ತಂತೆ, ನೋವೇ ಬರಲಿಲ್ಲವಂತೆ. ಮಗು ಒಳಗೇ ಕಕ್ಕ ಮಾಡಿಕೊಂಡಿತ್ತಂತೆ. ಬಿಪಿ ಏರಿತ್ತಂತೆ. ಈಚೆಗೆ ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳುವುದು, ‘ಮೊದಲನೇದೂ ಸಿಸೇರಿಯನ್ನೇ ಅಲ್ವಾ, ಅದಕ್ಕೆ.’

ನಮ್ಮಜ್ಜಿ ಹೇಳುತ್ತಿದ್ದ ಹೆರಿಗೆಯ ಕಥೆಗಳಲ್ಲಿ ಈ ಮಾತುಗಳಿರಲಿಲ್ಲ. ಅವಳ ಕಥೆಗಳಲ್ಲಿ ಯಾರೋ ಮೂರು ದಿನ ನೋವು ತಿಂದಿರುತ್ತಿದ್ದರು. ಮಗು ಅಡ್ಡ ಬಂದಿರುತ್ತಿತ್ತು, ಕೈ ಮೊದಲು ಹೊರಗೆ ಬಂದಿರುತ್ತಿತ್ತು. ಗಾಡಿ ಕಟ್ಟಿಕೊಂಡು ತಾಲ್ಲೂಕಿನ ಆಸ್ಪತ್ರೆಗೆ ಹೊತ್ತೊಯ್ಯುತ್ತಿದ್ದರು. ಕೆಲವರು ಬದುಕುತ್ತಿದ್ದರು. ಅಜ್ಜಿ ಹೇಳುತ್ತಿದ್ದ ಕಾರಣಗಳೆಲ್ಲ ಆಗಿಹೋದದ್ದರ ಕುರಿತು. ಈಗಿನ ಕಾರಣಗಳು ಹೆಚ್ಚಾಗಿ ಆಗಬಹುದಾಗಿದ್ದುದರ ಕುರಿತು. ಈ ವ್ಯತ್ಯಾಸ ಕಣ್ಣಿಗೆ ಬಿದ್ದ ಮೇಲೆ ನನಗೆ ಅದರಿಂದ ಬಿಡಿಸಿಕೊಳ್ಳಲಾಗಿಲ್ಲ. ಆಗಬಹುದಾಗಿದ್ದು ಆಗಲಿಲ್ಲವೆಂದರೆ, ಅದು ಆಗುತ್ತಲೇ ಇರಲಿಲ್ಲವೋ ಅಥವಾ ತಡೆದದ್ದರಿಂದ ಆಗಲಿಲ್ಲವೋ ಎಂದು ಹೇಳುವವರು ಯಾರು?

ನಾನು ಪಿಎಚ್‌ಡಿಗೆ ಓದುತ್ತಿರುವುದು ನ್ಯಾಯದರ್ಶನವನ್ನು. (ಈ ನ್ಯಾಯಕ್ಕೂ ಕೋರ್ಟಿಗೂ ಸಂಬಂಧವಿಲ್ಲ ಎಂದು ನೆಂಟರಿಗೆ ಹೇಳಿ ಸಾಕಾಗಿದೆ.) ಅಲ್ಲಿ ಮೊದಲ ವರ್ಷವೇ ಕಲಿಸುವ ಒಂದು ಭೇದವಿದೆ. ಹೇತು ಬೇರೆ, ಕಾರಣ ಬೇರೆ. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಅಲ್ಲಿ ಬೆಂಕಿಯಿದೆ ಎನ್ನುತ್ತೇನೆ. ಹೊಗೆಗೆ ಕಾರಣ ಬೆಂಕಿ. ಆದರೆ ‘ಬೆಂಕಿಯಿದೆ’ ಎಂಬ ನನ್ನ ತಿಳಿವಿಗೆ ಹೇತು ಹೊಗೆ. ಕಾರಣ ಲೋಕದಲ್ಲಿರುತ್ತದೆ, ಹೇತು ತಿಳಿಯುವವರ ಕೈಯಲ್ಲಿರುತ್ತದೆ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಸಿಸೇರಿಯನ್ ಹೆಸರಿನ ಮುಂದೆ ಬರೆಯುವ ‘ಇಂಡಿಕೇಷನ್’ ಎಂಬುದು ಈ ಲೆಕ್ಕದಲ್ಲಿ ಹೇತು. ಒಳಗೆ ಅಪಾಯವಿದೆ ಎಂದು ಊಹಿಸಲು ಸಿಕ್ಕ ಗುರುತು. ಅದನ್ನು ಮನೆಯವರಿಗೆ ಹೇಳುವಾಗ, ಅವರು ನೆಂಟರಿಗೆ ಹೇಳುವಾಗ, ಗುರುತು ಹೋಗಿ ಕಾರಣವಾಗಿಬಿಡುತ್ತದೆ. ಹೊಗೆಯೇ ಬೆಂಕಿಯಾಗುತ್ತದೆ. ಇವೆರಡರ ಪಕ್ಕದಲ್ಲಿ ಕನ್ನಡಕ್ಕೆ ಇನ್ನೊಂದು ಮಾತೂ ಗೊತ್ತು: ನೆವ. ಸಿಸೇರಿಯನ್ ಬಗ್ಗೆ ನಾವು ಆಡುವ ಜಗಳಗಳೆಲ್ಲ ‘ಕಾರಣವೋ ನೆವವೋ’ ಎಂಬ ಎರಡೇ ಕಟ್ಟೆಗಳ ನಡುವೆ ಹರಿಯುತ್ತವೆ. ಡಾಕ್ಟರು ದೇವರು, ಇಲ್ಲವೇ ಡಾಕ್ಟರು ಕಳ್ಳ. ನಡುವಿನ ಹೇತುವನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ಮುಖ್ಯ ಎನ್ನಿಸುತ್ತದೆ.

ಈ ಶಸ್ತ್ರಕ್ರಿಯೆ ಶುರುವಾದಾಗ ಹೇತುವಿನ ಬಗ್ಗೆ ತಕರಾರೇ ಇರಲಿಲ್ಲ. ತಾಯಿ ಸತ್ತಿದ್ದಾಳೆ, ಹೊಟ್ಟೆಯಲ್ಲಿ ಮಗು ಅಲುಗುತ್ತಿದೆ, ಆಗ ಸೀಳಿ ತೆಗೆಯಬೇಕು ಎಂದು ಸುಶ್ರುತ ಸಂಹಿತೆಯಲ್ಲಿದೆ. ಬಸುರಿ ಸತ್ತರೆ ಮಗುವನ್ನು ತೆಗೆಯದೆ ಹೂಳಬಾರದೆಂಬ ಕಟ್ಟಳೆ ರೋಮಿನಲ್ಲೂ ಇತ್ತು. ಜೂಲಿಯಸ್ ಸೀಸರ್ ಹೀಗೆ ಹುಟ್ಟಿದ್ದಕ್ಕೆ ಈ ಹೆಸರು ಬಂತೆಂಬುದು ಬರೀ ಕತೆ. ಅವನ ತಾಯಿ ಔರೇಲಿಯಾ ಮಗ ದೊಡ್ಡ ದಂಡನಾಯಕನಾಗುವ ತನಕ ಬದುಕಿದ್ದಳು, ಆ ಕಾಲದಲ್ಲಿ ಹೊಟ್ಟೆ ಸೀಳಿಸಿಕೊಂಡು ಬದುಕುವುದು ಆಗದ ಮಾತು. ಬದುಕಿರುವ ತಾಯಿಯನ್ನು ಸೀಳಿ ಬದುಕಿಸಿಕೊಳ್ಳುವುದು ತಕ್ಕಮಟ್ಟಿಗೆ ಸಾಧ್ಯವಾದದ್ದು ತೀರ ಈಚೆಗೆ. 1876ರಲ್ಲಿ ಇಟಲಿಯ ಎಡುವಾರ್ಡೊ ಪೊರೊ ರಕ್ತಸ್ರಾವಕ್ಕೆ ಹೆದರಿ ಮಗುವಿನ ಜೊತೆಗೆ ಗರ್ಭಕೋಶವನ್ನೂ ತೆಗೆದುಬಿಟ್ಟ. 1882ರಲ್ಲಿ ಜರ್ಮನಿಯ ಮಾಕ್ಸ್ ಸ್ಯಾಂಗರ್ ಗರ್ಭಕೋಶವನ್ನು ಹೊಲಿಯಬಹುದು ಎಂದು ತೋರಿಸಿದ. ಆಗಿನ ದೊಡ್ಡ ಹೇತು, ರಿಕೆಟ್ಸ್ ಕಾಯಿಲೆಯಿಂದ ಸೊಂಟದ ಎಲುಬು ಸೊಟ್ಟಗಾಗಿ ಮಗು ಬರುವ ದಾರಿಯೇ ಮುಚ್ಚಿರುವುದು. ಅದು ಕೈಗೆ ಸಿಗುವ, ಅಳೆದು ನೋಡಬಹುದಾದ ಹೇತು.

ಆಮೇಲೆ ಅರಿವಳಿಕೆ, ರಕ್ತನಿಧಿ, ಆಂಟಿಬಯಾಟಿಕ್ ಬಂದವು. ಕತ್ತರಿಯ ಅಪಾಯ ಇಳಿಯುತ್ತ ಬಂತು, ಅದನ್ನು ಎತ್ತಿಕೊಳ್ಳಲು ಬೇಕಾದ ಹೇತುವಿನ ತೂಕವೂ ಇಳಿಯುತ್ತ ಬಂತು. ಇದರಲ್ಲಿ ತಪ್ಪೇನಿಲ್ಲ. ನಾಲ್ಕರಲ್ಲಿ ಮೂವರು ಸಾಯುವ ಆಪರೇಷನ್ನಿಗೆ ಬೇಕಾದ ಖಾತ್ರಿ, ಸಾವಿರಾರು ಜನರಲ್ಲಿ ಒಬ್ಬರಿಗೆ ಕೇಡಾಗುವ ಆಪರೇಷನ್ನಿಗೆ ಬೇಕಿಲ್ಲ. ಆದರೆ ತೂಕ ಇಳಿದ ಹಾಗೆ ಹೇತುವಿನ ಜಾತಿಯೇ ಬದಲಾಯಿತು. ಮೂರು ಉದಾಹರಣೆ ಕೊಡುತ್ತೇನೆ.

ಒಂದು, ಗಡಿಯಾರ. 1955ರಲ್ಲಿ ನ್ಯೂಯಾರ್ಕಿನ ಎಮಾನುಯೆಲ್ ಫ್ರೀಡ್‌ಮನ್ ಚೊಚ್ಚಲ ಹೆರಿಗೆಯ 500 ಹೆಂಗಸರನ್ನು ಗಮನಿಸಿ, ಗರ್ಭಕೋಶದ ಬಾಯಿ ಹೊತ್ತು ಕಳೆದ ಹಾಗೆ ಎಷ್ಟೆಷ್ಟು ತೆರೆದುಕೊಳ್ಳುತ್ತದೆ ಎಂದು ಒಂದು ಗೆರೆ ಎಳೆದರು. ಮುಂದೆ ಅದು ‘ಗಂಟೆಗೆ ಒಂದು ಸೆಂಟಿಮೀಟರ್’ ಎಂಬ ನಿಯಮವಾಗಿ ಲೋಕವಿಡೀ ಹಬ್ಬಿತು. ಆ ಗೆರೆಗಿಂತ ಹಿಂದೆ ಬಿದ್ದವಳು ‘ಪ್ರೋಗ್ರೆಸ್ ಆಗದವಳು’. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಈ ವೇಗ ಎಷ್ಟೋ ಹೆಂಗಸರಿಗೆ ಹೊಂದುವುದಿಲ್ಲ, ಇದೊಂದನ್ನೇ ಹಿಡಿದು ಮಧ್ಯೆ ಕೈಹಾಕಬೇಡಿ ಎಂದು ಹೇಳಿತು. ಅರವತ್ತು ವರ್ಷ ಎಷ್ಟೋ ಜನರಿಗೆ ತಮ್ಮ ಮೈಯೇ ಸರಿಯಿಲ್ಲ ಎಂದು ಹೇಳಿದ್ದ ಗೆರೆ ಅದು.

ಎರಡು, ಯಂತ್ರ. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಬರೆಸುವ ಯಂತ್ರ 1970ರ ದಶಕದಲ್ಲಿ ಹರಡಿತು. ಸುಮಾರು 37,000 ಹೆಂಗಸರ ಮೇಲೆ ನಡೆದ 13 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಪರಿಶೀಲನೆ ಹೇಳಿದ್ದಿಷ್ಟು: ಬಿಟ್ಟು ಬಿಟ್ಟು ಕಿವಿಗೊಟ್ಟು ಕೇಳುವುದಕ್ಕೆ ಹೋಲಿಸಿದರೆ, ಸತತ ಯಂತ್ರದ ನಿಗಾದಲ್ಲಿ ನವಜಾತ ಶಿಶುಗಳ ಫಿಟ್ಸ್ ಅರ್ಧಕ್ಕೆ ಇಳಿಯಿತು. ಶಿಶುಮರಣವಾಗಲಿ ಮಿದುಳಿನ ಲಕ್ವವಾಗಲಿ ಕಮ್ಮಿಯಾಗಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಿತು. ಯಂತ್ರ ಸುಳ್ಳು ಹೇಳುತ್ತಿಲ್ಲ, ಹೊಗೆಯನ್ನು ತೋರಿಸುತ್ತಿದೆ. ಆದರೆ ಬೆಂಕಿಯಿಲ್ಲದ ಕಡೆಯೂ ಏಳುವ ಹೊಗೆ ಅದು. ಇಂಥದಕ್ಕೆ ನ್ಯಾಯಶಾಸ್ತ್ರದಲ್ಲಿ ‘ಸವ್ಯಭಿಚಾರ ಹೇತು’ ಎನ್ನುತ್ತಾರೆ. ಹೇತುವಿನ ಹಾಗೆ ತೋರುವುದು, ಆದರೆ ಸಾಧ್ಯ ಇರುವಲ್ಲೂ ಇಲ್ಲದಿರುವಲ್ಲೂ ಓಡಾಡುವುದು. ‘ಅಲ್ಲಿ ಬೆಂಕಿಯಿದೆ, ಆದ್ದರಿಂದ ಹೊಗೆಯೂ ಇದೆ’ ಎಂಬುದು ಅದರ ಹಳೆಯ ಉದಾಹರಣೆ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ನಾನು ಅದರ ಪಕ್ಕದಲ್ಲಿ ಹೊಕ್ಕುಳಬಳ್ಳಿಯನ್ನೂ ಬರೆದುಕೊಂಡಿದ್ದೇನೆ. ಹುಟ್ಟುವ ಮಕ್ಕಳಲ್ಲಿ ಸರಿಸುಮಾರು ನಾಲ್ಕಕ್ಕೊಂದರ ಕೊರಳಿಗೆ ಬಳ್ಳಿ ಸುತ್ತಿಕೊಂಡಿರುತ್ತದೆ. ಅವುಗಳಲ್ಲಿ ಹೆಚ್ಚಿನವು ಆರಾಮಾಗಿ ಹುಟ್ಟುತ್ತವೆ. ಸುತ್ತಿದೆ ಎಂಬುದೊಂದೇ ಕುಯ್ಯಲು ಹೇತುವಲ್ಲ. ಆದರೆ ನೆಂಟರಿಗೆ ಹೇಳಲು ಅಷ್ಟು ಚೆನ್ನಾಗಿ ಒದಗುವ ಕಾರಣ ಬೇರೊಂದಿಲ್ಲ. ಕೊರಳು, ಹಗ್ಗ, ಮಗು. ಕೇಳಿದವರು ಅಲ್ಲಿಗೇ ಸುಮ್ಮನಾಗುತ್ತಾರೆ.

ಮೂರನೆಯದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ತುಂಬು ತಿಂಗಳಿನಲ್ಲೂ ನೂರಕ್ಕೆ ಮೂರೋ ನಾಲ್ಕೋ ಮಕ್ಕಳು ತಲೆ ಮೇಲೆ, ಕುಂಡೆ ಕೆಳಗೆ ಮಾಡಿ ಕೂತಿರುತ್ತವೆ. ಇವುಗಳನ್ನು ಕೆಳಗಿನಿಂದಲೇ ಹೆರಿಗೆ ಮಾಡಿಸುವುದು ಒಂದು ಕೈಚಳಕ. ಯಾವಾಗ ಮುಟ್ಟಬಾರದು ಎಂದು ತಿಳಿದಿರುವುದೇ ಅದರಲ್ಲಿ ಹೆಚ್ಚಿನ ಪಾಲು. 2000ದಲ್ಲಿ ಟೊರಾಂಟೊದ ಮೇರಿ ಹ್ಯಾನಾ ಮತ್ತು ಅವರ ತಂಡ, 26 ದೇಶಗಳ 2088 ಹೆಂಗಸರ ಪ್ರಯೋಗದ ಫಲಿತಾಂಶವನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಮೊದಲೇ ಗೊತ್ತುಮಾಡಿ ಸಿಸೇರಿಯನ್ ಮಾಡಿದರೆ ಮಕ್ಕಳಿಗೆ ಕ್ಷೇಮ ಎಂದು ಅದು ಹೇಳಿತು. ಇಷ್ಟು ಬೇಗ ವೈದ್ಯಲೋಕದ ರೂಢಿಯನ್ನು ಬದಲಿಸಿದ ಲೇಖನಗಳು ಕಮ್ಮಿ. ನೆದರ್ಲೆಂಡ್ಸಿನಲ್ಲಿ ಇಂಥ ಮಕ್ಕಳಿಗೆ ಮಾಡುವ ಸಿಸೇರಿಯನ್ನಿನ ಪ್ರಮಾಣ ಕೆಲವೇ ತಿಂಗಳಲ್ಲಿ ಶೇಕಡ 50ರಿಂದ 80ಕ್ಕೆ ಏರಿತು. 2004ರಲ್ಲಿ ಅದೇ ತಂಡ ಎರಡು ವರ್ಷ ತುಂಬಿದ ಮಕ್ಕಳನ್ನು ಮತ್ತೆ ನೋಡಿತು. ಸಾವಿನಲ್ಲಾಗಲಿ ಬುದ್ಧಿ ಬೆಳವಣಿಗೆಯ ತೊಂದರೆಯಲ್ಲಾಗಲಿ ಎರಡು ಗುಂಪುಗಳ ನಡುವೆ ಫರಕು ಕಾಣಲಿಲ್ಲ. ಅಷ್ಟರಲ್ಲಿ ಕೈಗಳು ಮರೆತಿದ್ದವು. ಹೊಸದಾಗಿ ಓದಿ ಬಂದ ಡಾಕ್ಟರುಗಳಿಗೆ ಇಂಥ ಹೆರಿಗೆ ನೋಡಿ ಕಲಿಯುವ ಅವಕಾಶವೇ ಸಿಕ್ಕಿರಲಿಲ್ಲ. ಈಗ ‘ಮಗು ಉಲ್ಟಾ ಇದೆ, ಆಪರೇಷನ್ ಆಗಬೇಕು’ ಎಂದು ನಮ್ಮೂರಿನ ಡಾಕ್ಟರು ಹೇಳಿದರೆ ಅದು ನೆವವಲ್ಲ. ಕಲಿಯದ ಕೈಯಲ್ಲಿ ಆ ಹೆರಿಗೆ ನಿಜಕ್ಕೂ ಅಪಾಯ. ಒಂದು ಕಾಲದ ಅನುಮಾನದ ಹೇತು, ಎಲ್ಲರೂ ಅದರಂತೆ ನಡೆದದ್ದರಿಂದಲೇ ಗಟ್ಟಿ ಹೇತುವಾಗಿಬಿಟ್ಟಿದೆ. ಹೊಗೆಯನ್ನು ನಂಬಿ ಓಡಿಹೋದವರ ಕಾಲಿನಿಂದಲೇ ಬೆಂಕಿ ಹತ್ತಿದ ಹಾಗೆ.

ಇಲ್ಲಿ ಯಾರಾದರೂ ಸೂಲಗಿತ್ತಿ ನರಸಮ್ಮನವರ ಹೆಸರು ತೆಗೆಯುತ್ತಾರೆಂದು ಗೊತ್ತು. ಪಾವಗಡ ತಾಲ್ಲೂಕಿನ ಆ ತಾಯಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ, 2018ರಲ್ಲಿ ಪದ್ಮಶ್ರೀಯೂ ಬಂತು. ಅವರ ಕೈಯ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ಆ ಕಾಲವನ್ನೇ ಮರಳಿ ಬೇಡುವ ಮಾತಿಗೆ ನಾನಿಲ್ಲ. ಭಾರತದಲ್ಲಿ 1990ರ ದಶಕದ ಕೊನೆಯಲ್ಲೂ ಒಂದು ಲಕ್ಷ ಜೀವಂತ ಹೆರಿಗೆಗೆ ಸುಮಾರು 400 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 97, ಕರ್ನಾಟಕದಲ್ಲಿ 69. ಹೊತ್ತಿಗೆ ಸರಿಯಾಗಿ ಸಿಕ್ಕಿದ ಸಿಸೇರಿಯನ್ನಿಗೂ ಆ ಇಳಿಕೆಯಲ್ಲಿ ಪಾಲಿದೆ. ಅಜ್ಜಿಯ ಕಥೆಗಳಲ್ಲಿ ಬದುಕದವರ ಹೆಸರುಗಳೂ ಇದ್ದವು.

ಅಂಕಿಗಳನ್ನು ಬೇಗ ಮುಗಿಸುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಿಸೇರಿಯನ್ 2005–06ರಲ್ಲಿ ಶೇಕಡ 8.5, 2015–16ರಲ್ಲಿ 17.2, 2019–21ರಲ್ಲಿ 21.5. ಕರ್ನಾಟಕದಲ್ಲಿ ಕೊನೆಯ ಎರಡು ಸಮೀಕ್ಷೆಗಳ ನಡುವೆ 23.6ರಿಂದ 31.5ಕ್ಕೆ ಏರಿತು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧ ದಾಟಿತು. ತೆಲಂಗಾಣದಲ್ಲಿ 60.7, ನಾಗಾಲ್ಯಾಂಡಿನಲ್ಲಿ 5.2. ಒಂದೇ ದೇಶದ ಹೆಂಗಸರ ಸೊಂಟದ ಎಲುಬುಗಳು ರಾಜ್ಯದ ಗಡಿ ದಾಟಿದ ಕೂಡಲೇ ಹೀಗೆ ಬದಲಾಗುವುದಿಲ್ಲ. ಒಂದು ಕಡೆ ಬೇಡದವರಿಗೆ ಆಗುತ್ತಿದೆ, ಇನ್ನೊಂದು ಕಡೆ ಬೇಕಾದವರಿಗೆ ಸಿಗುತ್ತಿಲ್ಲ. ಇಡೀ ಜನಸಮುದಾಯದ ಲೆಕ್ಕದಲ್ಲಿ ಶೇಕಡ 10 ದಾಟಿದ ಮೇಲೆ ತಾಯಿ–ಮಗುವಿನ ಸಾವು ಇಳಿಯುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದೇ ಉಸಿರಿನಲ್ಲಿ, ಇಂತಿಷ್ಟೇ ಶೇಕಡ ಎಂಬ ಗುರಿಯ ಬೆನ್ನು ಹತ್ತಬೇಡಿ, ಬೇಕಾದ ಪ್ರತಿಯೊಬ್ಬಳಿಗೂ ಸಿಗುವ ಹಾಗೆ ನೋಡಿಕೊಳ್ಳಿ ಎಂದೂ ಹೇಳಿತು. ಮೊದಲ ವಾಕ್ಯವನ್ನು ಎಲ್ಲರೂ ಉದ್ಧರಿಸುತ್ತಾರೆ.

ಇಷ್ಟೆಲ್ಲ ನಾನು ಹುಡುಕಿ ಓದಿದ್ದು ಪ್ರಬಂಧಕ್ಕಾಗಿ ಅಲ್ಲ, ನನ್ನ ಅಕ್ಕ ಕೇಳಿದ ಒಂದು ಪ್ರಶ್ನೆಯಿಂದ. ಮೂರು ವರ್ಷದ ಹಿಂದೆ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಒಂಬತ್ತು ಗಂಟೆ ನೋವು ತಿಂದ ಮೇಲೆ, ಸಂಜೆ ಅವಳಿಗೆ ಸಿಸೇರಿಯನ್ ಆಯಿತು. ಮಗಳು ಹುಟ್ಟಿದ ಕೂಡಲೇ ಅತ್ತಳು, ಮೂರು ಕಿಲೋ ಇದ್ದಳು, ಈಗ ಮನೆಯ ಗೋಡೆಯ ಮೇಲೆಲ್ಲ ಬರೆಯುತ್ತಾಳೆ. ಬಾಣಂತನದ ಹೊತ್ತಿನಲ್ಲಿ ಒಂದು ದಿನ ಅಕ್ಕ ಕೇಳಿದಳು, ‘ನಂಗೆ ಯಾಕೆ ಆಪರೇಷನ್ ಮಾಡಿದ್ರು?’ ಭಾವ ಹೇಳಿದರು, ಮಗುವಿನ ಹಾರ್ಟ್‌ಬೀಟ್ ಇಳೀತಿದೆ ಅಂದ್ರು, ಸೈನ್ ಹಾಕಿದೆ. ಅಮ್ಮ ಹೇಳಿದಳು, ಬಳ್ಳಿ ಎರಡು ಸುತ್ತು ಸುತ್ತಿತ್ತಂತೆ ಕಣೇ. ಅಕ್ಕನ ಅತ್ತೆ ಹೇಳಿದರು, ಈಗಿನ ಹುಡುಗೀರಿಗೆ ನೋವು ತಡೆಯೋ ಶಕ್ತಿ ಎಲ್ಲಿದೆ. ವಾರ್ಡಿನ ಸಿಸ್ಟರ್ ‘ಪ್ರೋಗ್ರೆಸ್ ಆಗ್ಲಿಲ್ಲ’ ಎಂದಿದ್ದರು. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಇದ್ದದ್ದು ಎರಡೇ ಪದ: ‘ಫೀಟಲ್ ಡಿಸ್ಟ್ರೆಸ್’. ಅಕ್ಕ ಹೇಳಿದಳು, ‘ನಂಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಸ್ಟ್ರೆಚರ್ ಮೇಲೆ ಹೋಗ್ತಾ ಲೈಟು ಎಣಿಸ್ತಿದ್ದೆ.’

ಅಕ್ಕ ಕೋಪದಿಂದ ಕೇಳಿರಲಿಲ್ಲ. ಆದರೂ ಮನೆಯಲ್ಲಿ ಎಲ್ಲರಿಗೂ ಇರುಸುಮುರುಸಾಯಿತು. ‘ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು?’ ಎಂದರು. ಈ ಮಾತಿನ ತರ್ಕವನ್ನು ನಾನು ತುಂಬ ದಿನ ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಚೆನ್ನಾಗಿರುವ ಮಗು ಎರಡು ವಾದಕ್ಕೂ ಸಾಕ್ಷಿ. ಸಕಾಲಕ್ಕೆ ಕುಯ್ದದ್ದರಿಂದ ಚೆನ್ನಾಗಿದೆ ಎನ್ನಬಹುದು. ಚೆನ್ನಾಗಿದೆಯೆಂದರೆ ಕುಯ್ಯಬೇಕಾಗಿರಲಿಲ್ಲ ಎಂದೂ ಅನ್ನಬಹುದು. ಎರಡಕ್ಕೂ ಒದಗುವ ಸಾಕ್ಷಿ ಯಾವುದಕ್ಕೂ ಸಾಕ್ಷಿಯಲ್ಲ. ಹಾಗಾದರೆ ‘ಮಗು ಚೆನ್ನಾಗಿದೆಯಲ್ಲ’ ಎಂಬುದು ಅವಳ ಪ್ರಶ್ನೆಗೆ ಉತ್ತರವಲ್ಲ, ಪ್ರಶ್ನೆಯನ್ನು ಮುಗಿಸುವ ಉಪಾಯ. ಫಲ ಒಳ್ಳೆಯದಾದರೆ ಹೇತುವನ್ನು ಹೇಳುವ ಸಾಲ ತೀರಿತೇ? ನೀತಿಶಾಸ್ತ್ರದಲ್ಲಿ ಫಲವನ್ನೇ ಮುಖ್ಯ ಮಾಡುವವರು ಹೌದು ಎಂದಾರು. ನನಗೆ ಒಪ್ಪಿಗೆಯಿಲ್ಲ. ಯಾರೋ ನನ್ನ ಮನೆಯ ಗೋಡೆಯನ್ನು ನನಗೆ ಹೇಳದೆ ಒಡೆದು, ಒಳಗೆ ಹೊಗೆ ಕಂಡಿತ್ತು ಎನ್ನಲಿ, ಬೆಂಕಿ ನಂದಿಸಿಯೂ ಇರಲಿ. ನಾನು ಕೈ ಮುಗಿಯುತ್ತೇನೆ. ಆದರೂ ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ, ನನ್ನನ್ನು ಕರೆಯಲು ಬಿಡುವಿರಲಿಲ್ಲವೇ ಎಂದು ಕೇಳುತ್ತೇನೆ. ಉಪಕಾರ ಮಾಡಿದವರನ್ನು ಕಾರಣ ಕೇಳಬಾರದು ಎಂಬ ನಮ್ಮ ಶಿಷ್ಟಾಚಾರ ಹೆಂಗಸಿನ ಮೈಯ ವಿಷಯ ಬಂದಾಗ ಯಾಕೋ ತುಂಬ ಬಿಗಿಯಾಗುತ್ತದೆ.

ಡಾಕ್ಟರುಗಳನ್ನು ಕಟಕಟೆಗೆ ಎಳೆಯುವುದು ನನ್ನ ಉದ್ದೇಶವಲ್ಲ. ಅವರ ಕಡೆಯ ಹೇತುಗಳೂ ಬದಲಾಗಿವೆ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಸೇವೆಯನ್ನು ಗ್ರಾಹಕ ಕಾಯ್ದೆಯ ಒಳಕ್ಕೆ ತಂದಿತು. ಅದು ಬೇಕಿತ್ತು. ಆದರೆ ಹೆರಿಗೆಯ ವಿಷಯದಲ್ಲಿ ಒಂದು ಸೊಟ್ಟ ಉಳಿಯಿತು. ಮಾಡದ ಸಿಸೇರಿಯನ್ನಿಗೆ, ತಡವಾದ ಸಿಸೇರಿಯನ್ನಿಗೆ ದೂರು ಬರುತ್ತದೆ. ಬೇಡದ ಸಿಸೇರಿಯನ್ನಿಗೆ ದೂರು ಬರುವುದು ಅಪರೂಪ, ಅಲ್ಲಿ ತೋರಿಸಲು ಕೆಟ್ಟ ಫಲವೇ ಇರುವುದಿಲ್ಲ. ಒಬ್ಬರೇ ಡಾಕ್ಟರಿರುವ ಸಣ್ಣ ಆಸ್ಪತ್ರೆಯಲ್ಲಿ, ಅರಿವಳಿಕೆ ಕೊಡುವವರು ಬೇರೆ ಊರಿನಿಂದ ಬರಬೇಕಾದಲ್ಲಿ, ರಾತ್ರಿ ಎರಡಕ್ಕೆ ಆಗಬಹುದಾದ ಅನಾಹುತಕ್ಕಿಂತ ಸಂಜೆ ಆರರ ಕತ್ತರಿ ವಿವೇಕ ಎನ್ನಿಸಿದರೆ ಅದು ಬರೀ ದುಡ್ಡಿನಾಸೆಯಲ್ಲ. ಆದರೆ ಆಗ ಕೇಸ್ ಶೀಟಿನಲ್ಲಿ ‘ಅರಿವಳಿಕೆ ತಜ್ಞರು ಆರರ ತನಕ ಮಾತ್ರ ಇದ್ದರು’ ಎಂದು ಬರೆಯುವುದಿಲ್ಲ. ಮಗುವಿನ ಮೇಲೆ, ಇಲ್ಲವೇ ತಾಯಿಯ ಮೇಲೆ ಬರೆಯುತ್ತಾರೆ. ವ್ಯವಸ್ಥೆಯ ಹೇತು ಅವಳ ಮೈಯ ದೋಷವಾಗಿ ದಾಖಲಾಗುತ್ತದೆ, ಅವಳು ಜೀವನವಿಡೀ ‘ನಂಗೆ ಪ್ರೋಗ್ರೆಸ್ ಆಗಲಿಲ್ಲ’ ಎಂದು ಹೇಳಿಕೊಂಡಿರುತ್ತಾಳೆ. ಅನ್ಯಾಯ ಎಂದು ನನಗೆ ತೋರುವುದು ಈ ಜಾಗ.

ಮುಹೂರ್ತದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಜೋಯಿಸರು ಕೊಟ್ಟ ಚೀಟಿಯನ್ನು ಡಾಕ್ಟರ ಮೇಜಿನ ಮೇಲಿಡುವ ಮನೆಯವರಿಗೆ, ನಕ್ಷತ್ರದ ಸೊಗಸಿಗೆ ಹೊಲಿಗೆ ಬೀಳುವುದು ಯಾರ ಹೊಟ್ಟೆಗೆ ಎಂದು ಕೇಳಿದರೆ ಸಾಕು.

ತಾನಾಗಿಯೇ ಸಿಸೇರಿಯನ್ ಕೇಳುವ ಹೆಂಗಸಿನ ವಿಷಯ ಹಾಗಲ್ಲ. ನನ್ನ ಓರಗೆಯ ಗೆಳತಿಯರಲ್ಲಿ ಇಬ್ಬರು ಈಗಾಗಲೇ ತೀರ್ಮಾನಿಸಿದ್ದಾರೆ. ‘ನನ್ನ ಮೈ, ನನ್ನ ನಿರ್ಧಾರ, ನಿನ್ನ ನ್ಯಾಯಶಾಸ್ತ್ರ ಇಲ್ಲಿ ತರಬೇಡ’ ಎಂದು ಒಬ್ಬಳು ಹೇಳಿದಳು. ನಿರ್ಧಾರ ಅವಳದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾಕೆ ಎಂದು ಕೇಳಿದಾಗ ಅವಳು ಹೇಳಿದ್ದು ನೋವಿನ ಬಗ್ಗೆ ಅಲ್ಲ. ಅವಳ ಅತ್ತಿಗೆಗೆ ಲೇಬರ್ ವಾರ್ಡಿನಲ್ಲಿ ಬೈದದ್ದು, ತೊಡೆಗೆ ಹೊಡೆದದ್ದು, ಜೊತೆಗೆ ಯಾರನ್ನೂ ಬಿಡದೆ ಒಂಟಿಯಾಗಿ ಮಲಗಿಸಿದ್ದು. ಹೆರಿಗೆಯ ಹೊತ್ತಿಗೆ ಜೊತೆಗೊಬ್ಬರು ಇರಬೇಕು, ಗೌರವದಿಂದ ನಡೆಸಿಕೊಳ್ಳಬೇಕು ಎಂದು 2017ರ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಕೇಂದ್ರ ಸರ್ಕಾರವೇ ಹೇಳಿದೆ. ಹೇಳಬೇಕಾಗಿ ಬಂತು ಎಂಬುದನ್ನು ಗಮನಿಸಿ. ಗೆಳತಿಯ ಹೆದರಿಕೆ ಗಟ್ಟಿಯಾದ ಹೇತು. ಆದರೆ ಅದು ಏನನ್ನು ಸಾಧಿಸುತ್ತದೆ? ಅವಳ ಮೈಗೆ ಕತ್ತರಿ ಬೇಕು ಎಂಬುದನ್ನಲ್ಲ, ಆ ವಾರ್ಡಿಗೆ ರಿಪೇರಿ ಬೇಕು ಎಂಬುದನ್ನು. ಅವಳ ಆಯ್ಕೆಯನ್ನು ಗೌರವಿಸಿ ಸುಮ್ಮನಾಗುವುದು ನಮಗೆಲ್ಲ ಸುಲಭ, ವಾರ್ಡು ಹಾಗೇ ಉಳಿಯುತ್ತದೆ.

ಲೆಕ್ಕ ಇಡುವವರು ಒಂದು ಹಂತದಲ್ಲಿ ಹೇತುಗಳ ಸಹವಾಸವನ್ನೇ ಬಿಟ್ಟರು. 2001ರಲ್ಲಿ ಐರ್ಲೆಂಡಿನ ಮೈಕಲ್ ರಾಬ್ಸನ್ ಸಿಸೇರಿಯನ್ನುಗಳನ್ನು ವಿಂಗಡಿಸಲು ಹೊಸ ಪದ್ಧತಿ ಕೊಟ್ಟರು. ಬರೆದ ಇಂಡಿಕೇಷನ್ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಅರ್ಥ ಕೊಡುತ್ತದೆ, ಅದನ್ನು ನಂಬಿ ಹೋಲಿಸಲಾಗುವುದಿಲ್ಲ. ಆದ್ದರಿಂದ ‘ಯಾಕೆ ಕುಯ್ದಿರಿ’ ಎಂದು ಕೇಳುವ ಬದಲು ‘ಯಾರನ್ನು ಕುಯ್ದಿರಿ’ ಎಂದು ಕೇಳಿದರು. ಚೊಚ್ಚಲವೇ, ಹಿಂದೆ ಸಿಸೇರಿಯನ್ ಆಗಿದೆಯೇ, ನೋವು ತಾನಾಗಿ ಬಂತೇ, ಮಗು ಒಂದೇ ಎರಡೇ, ತಲೆ ಕೆಳಗಿದೆಯೇ, ತಿಂಗಳು ತುಂಬಿದೆಯೇ. ಹತ್ತು ಗುಂಪು, ಪ್ರತಿ ಹೆರಿಗೆಯೂ ಒಂದರಲ್ಲಿ ಬೀಳುತ್ತದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಎಲ್ಲರೂ ಬಳಸಲಿ ಎಂದಿತು. ಜಾಣತನದ ಕೆಲಸ. ಆದರೆ ಅದನ್ನು ಓದುವಾಗ ನನಗೆ ಒಂದು ಸಣ್ಣ ಕಳವಳವಾಯಿತು. ಲೆಕ್ಕದ ಪುಸ್ತಕ ‘ಯಾಕೆ’ ಎಂಬುದನ್ನು ಬಿಟ್ಟು ಬದುಕಬಲ್ಲದು, ಹೊಟ್ಟೆಯ ಮೇಲೆ ಗೀರು ಇರುವವಳಿಗೆ ಅದು ಆಗುವುದಿಲ್ಲ.

ಅವಳಿಗೆ ಸಲ್ಲಬೇಕಾದದ್ದು ಏನು ಎಂಬುದನ್ನು ಎರಡು ಕೋರ್ಟುಗಳು ಬೇರೆಬೇರೆ ದಾರಿಯಿಂದ ಮುಟ್ಟಿವೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಮಗಳ ಪರವಾಗಿ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದದ್ದು ಸರಿಯಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ವಯಸ್ಸಿಗೆ ಬಂದ, ಬುದ್ಧಿ ನೆಟ್ಟಗಿರುವ ಹೆಂಗಸಿನ ಒಪ್ಪಿಗೆಯನ್ನು ಬೇರೆಯವರು ಕೊಡಲಾರರು, ತಾಯಿಯೂ. ಎಷ್ಟು ಹೇಳಬೇಕೆಂಬುದನ್ನು ಮಾತ್ರ ವೈದ್ಯರ ವಾಡಿಕೆಗೇ ಬಿಟ್ಟಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇದರ ತಿರುವುಮುರುವು. ಸ್ಕಾಟ್‌ಲೆಂಡಿನ ನದೀನ್ ಮಾಂಟ್ಗೊಮರಿ ಗಿಡ್ಡ ಮೈಕಟ್ಟಿನವರು, ಸಕ್ಕರೆ ಕಾಯಿಲೆಯವರು. ಇಂಥವರ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ ಒಂಬತ್ತು–ಹತ್ತು. ಅವರ ಡಾಕ್ಟರು ಅದನ್ನು ಹೇಳಲಿಲ್ಲ. ಹೇಳಿದರೆ ಹೆಂಗಸರು ಸಿಸೇರಿಯನ್ ಕೇಳುತ್ತಾರೆ, ಅದು ಅವರಿಗೆ ಒಳ್ಳೆಯದಲ್ಲ ಎಂಬುದು ಆ ಡಾಕ್ಟರ ನಿಲುವು. ಭುಜ ಸಿಕ್ಕಿಕೊಂಡಿತು, ಮಗನ ಮಿದುಳಿಗೆ ಪೆಟ್ಟಾಯಿತು. ಆ ಸ್ಥಾನದಲ್ಲಿರುವ ಹೆಂಗಸಿಗೆ ಮುಖ್ಯವೆನಿಸುವುದನ್ನೆಲ್ಲ ಹೇಳಬೇಕಿತ್ತು ಎಂದು ಕೋರ್ಟು ಹೇಳಿತು. ಇಲ್ಲಿ ಬೇಡದ್ದನ್ನು ಮಾಡಿ ಹೇತು ಮುಚ್ಚಿಡುತ್ತಾರೆ ಎಂದು ನಾವು ದೂರುತ್ತೇವೆ. ಅಲ್ಲಿ ಬೇಕಾದದ್ದನ್ನು ಮಾಡದೆ ಮುಚ್ಚಿಟ್ಟರು. ಎರಡು ಕಡೆಯೂ ಅವಳು ಕೇಳಿದರೆ ಕೆಲಸ ಕೆಡುತ್ತದೆ ಎಂಬ ಒಂದೇ ಹೆದರಿಕೆ.

ಅಕ್ಕ ಈಗ ಮತ್ತೆ ಬಸುರಿ, ಐದನೆಯ ತಿಂಗಳು. ಹಳೆಯ ಐದು ಉತ್ತರಗಳೆಲ್ಲ ಈಗ ಒಂದೇ ಆಗಿವೆ: ‘ಹಿಂದಿನದು ಸಿಸೇರಿಯನ್’. ಮೊದಲ ಗೀರಿನ ಹೇತು ಏನೇ ಇದ್ದಿರಲಿ, ಗೀರೇ ಈಗ ಹೇತು. ಒಮ್ಮೆ ಸಿಸೇರಿಯನ್ ಆದವಳಿಗೆ ಯಾವಾಗಲೂ ಸಿಸೇರಿಯನ್ ಎಂಬ ಮಾತನ್ನು 1916ರಲ್ಲಿ ಅಮೆರಿಕದ ಎಡ್ವಿನ್ ಕ್ರೇಗಿನ್ ಎಂಬ ಡಾಕ್ಟರು ಹೇಳಿದ್ದರು. ಮುಂದೆ ಇಷ್ಟು ಬೆಲೆ ತೆರಬೇಕಾಗುತ್ತದೆ, ಆದ್ದರಿಂದ ಮೊದಲನೆಯದನ್ನು ಯೋಚಿಸಿ ಮಾಡಿ ಎಂದು ಎಚ್ಚರಿಸಲು ಅವರು ಹಾಗೆಂದದ್ದು. ಮೊದಲನೆಯದನ್ನು ತಡೆಯಲು ಹೇಳಿದ ಮಾತು ಎರಡನೆಯದನ್ನು ಮಾಡಲು ನಿಯಮವಾಯಿತು. ಆಗ ಗರ್ಭಕೋಶವನ್ನು ಉದ್ದಕ್ಕೆ ಕುಯ್ಯುತ್ತಿದ್ದರು, ಈಗ ಕೆಳಗೆ ಅಡ್ಡಕ್ಕೆ ಕುಯ್ಯುತ್ತಾರೆ. ಅಡ್ಡಗೀರು ಒಂದೇ ಇರುವವರಲ್ಲಿ ನೋವು ಬರಲು ಬಿಟ್ಟರೆ ಹೊಲಿಗೆ ಬಿಡುವ ಸಂಭವ ನೂರಕ್ಕೆ ಒಂದಕ್ಕಿಂತ ಕಮ್ಮಿ, ಆದರೆ ಬಿಟ್ಟರೆ ತಕ್ಷಣ ಆಪರೇಷನ್ ಆಗುವ ಕಡೆಯೇ ಇರಬೇಕು. ಪ್ರಯತ್ನಿಸಿದವರಲ್ಲಿ ನೂರಕ್ಕೆ ಅರವತ್ತರಿಂದ ಎಂಬತ್ತು ಮಂದಿಗೆ ಮಾಮೂಲಿ ಹೆರಿಗೆಯೇ ಆಗುತ್ತದೆ. ಮತ್ತೆ ಮತ್ತೆ ಕುಯ್ದರೆ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗೀರಿಗೇ ಅಂಟಿಕೊಳ್ಳುವ ಅಪಾಯ ಏರುತ್ತ ಹೋಗುತ್ತದೆ. ಇವೆರಡನ್ನು ತೂಗಿ ನೋಡಬೇಕಾದವಳು ಅಕ್ಕ. ಅವಳು ಎರಡನೆಯದನ್ನೂ ಸಿಸೇರಿಯನ್ನೇ ಮಾಡಿಸಿಕೊಳ್ಳಬಹುದು, ನನ್ನ ತಕರಾರೇನಿಲ್ಲ.

ತೂಗುವುದಕ್ಕೆ ಮೊದಲ ಸಲ ಏನಾಯಿತೆಂದು ಗೊತ್ತಾಗಬೇಕು. ಹೊಸ ಡಾಕ್ಟರಮ್ಮ ಮೊದಲ ಭೇಟಿಯಲ್ಲೇ ಕೇಳಿದರು, ‘ಮೊದಲನೇದಕ್ಕೆ ಇಂಡಿಕೇಷನ್ ಏನಿತ್ತು? 

ಎಷ್ಟು ಸೆಂಟಿಮೀಟರ್ ತೆರೆದಿತ್ತು? ಗೀರು ಯಾವ ಥರದ್ದು?’ ಮನೆಯಲ್ಲಿ ಕೇಳಬಾರದೆಂದ ಪ್ರಶ್ನೆಯೇ ಅಲ್ಲಿ ಮೊದಲ ಪ್ರಶ್ನೆಯಾಗಿತ್ತು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು, ಮೂರು ವರ್ಷ ಅವನ್ನು ಇಟ್ಟಿರಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿದೆ. ಮೂರು ವರ್ಷ ತುಂಬಲು ಹನ್ನೊಂದು ದಿನ ಉಳಿದಿದ್ದಾಗ ಅಕ್ಕ ಅರ್ಜಿ ಬರೆದಳು. ಕನ್ನಡದಲ್ಲೇ ಬರೆದಳು, ನಾನು ತಿದ್ದಲಿಲ್ಲ. ನಲವತ್ತಕ್ಕೂ ಹೆಚ್ಚು ಪುಟಗಳ ಜೆರಾಕ್ಸ್ ಕೊಟ್ಟರು, ಪುಟಕ್ಕೆ ಇಷ್ಟೆಂದು ದುಡ್ಡು ಹಿಡಿದುಕೊಂಡು.

ಅದರಲ್ಲಿ ಎದೆಬಡಿತದ ಕಾಗದವೂ ಇದೆ, ಅರ್ಧ ಮಾಸಿದೆ. ನಾವಿಬ್ಬರೂ ಅಡುಗೆಮನೆಯ ಬೆಳಕಿಗೆ ಹಿಡಿದು ನೋಡಿದೆವು. ಒಂದು ಕಡೆ ಗೆರೆ ಕೆಳಗಿಳಿದು ಮತ್ತೆ ಮೇಲೇರಿದೆ. ಅದರ ಪಕ್ಕ ಯಾರೋ ಪೆನ್ನಿನಲ್ಲಿ ಸಣ್ಣ ಬಾಣದ ಗುರುತು ಹಾಕಿದ್ದಾರೆ, ಗಂಟೆ ಬರೆದಿದ್ದಾರೆ, 5.40. ಅಕ್ಕ ಆ ಬಾಣದ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತಿದ್ದಳು. ‘ಹಾಗಾದ್ರೆ ಯಾರೋ ನೋಡ್ತಿದ್ರು’ ಎಂದಳು. ಆ ಇಳಿತದ ಅರ್ಥವೇನೆಂದು ನನಗೆ ಓದಲು ಬರುವುದಿಲ್ಲ, ಅವಳಿಗೂ ಬರುವುದಿಲ್ಲ. ಬರುವ ಶುಕ್ರವಾರ ಹೊಸ ಡಾಕ್ಟರಮ್ಮನ ಮುಂದೆ ಇಡುತ್ತೇವೆ. ಭಾವನಿಗೆ ರಜೆ ಇಲ್ಲ, ನಾನು ಜೊತೆಗೆ ಹೋಗುತ್ತೇನೆ. ಕೇಳಬೇಕಾದ್ದನ್ನು ಅಕ್ಕ ಮಗಳ ಡ್ರಾಯಿಂಗ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾಳೆ.